ನನ್ನ ನುಗ್ಗೆಸೊಪ್ಪು, ಅವಳ ಮಗಳ ಕಣ್ಣು

ನನ್ನ ಗಂಡನ ಅಣ್ಣನ ಹೆಂಡತಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಬಂದರೂ ಹೇಳುವುದಿಲ್ಲ. ನೆಗೆಣ್ಣಿಯರ ನಡುವೆ ಅಷ್ಟಿಷ್ಟು ಇದ್ದದ್ದೇ ಎಂದು ನೀವು ಅನ್ನಬಹುದು. ನನ್ನದು ಅಷ್ಟಿಷ್ಟರ ಲೆಕ್ಕದ್ದಲ್ಲ. ಅವಳು ಬಾಗಿಲಿಗೆ ಹೊಸ ಪರದೆ ಕಟ್ಟಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅವಳಿಗೆ ನೆಗಡಿಯಾಗಿ ಮೂಗು ಕೆಂಪಾದ ದಿನ ನನಗೆ ಒಂದು ರೊಟ್ಟಿ ಹೆಚ್ಚೇ ಹೋಗುತ್ತಿತ್ತು. ಎದುರಿಗೆ ಮಾತ್ರ ಬಾಯಿ ತುಂಬ 'ಅಕ್ಕಾ' ಎಂದು ಕರೆಯುತ್ತಿದ್ದೆ.

ಉರಿಗೆ ಕಾರಣ ಇತ್ತು. ನಮ್ಮದು ಗೋಗಿಯಿಂದ ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಒಳಗೆ ಸರಿದ ಊರು. ನಮ್ಮ ಮಾವ ಬದುಕಿದ್ದಾಗಲೇ ಇಬ್ಬರು ಮಕ್ಕಳಿಗೂ ಹೊಲ ಪಾಲು ಮಾಡಿದರು. ನಮ್ಮ ಕಡೆ ಹಿರಿಯರು ಪಾಲು ಹಾಕುವುದು, ಕಿರಿಯ ಮಗ ಮೊದಲು ಆರಿಸುವುದು ರೂಢಿ. ಒಂದು ಮೇಲಿನ ಹೊಲ, ಜೋಳಕ್ಕೆ ಹೇಳಿ ಮಾಡಿಸಿದ ಮಣ್ಣು. ಇನ್ನೊಂದು ತಗ್ಗಿನ ಹೊಲ, ಒಂದು ಮಳೆ ಜೋರಾದರೆ ನೀರು ನಿಂತು ಬೆಳೆಯೆಲ್ಲ ಹಳದಿಯಾಗುವಂಥದ್ದು. ನನ್ನ ಗಂಡ ಮೇಲಿನದನ್ನು ಆರಿಸಿದ. ಆ ರಾತ್ರಿ ನಾನು ಹೋಳಿಗೆ ಮಾಡಿ ಉಣಬಡಿಸಿದೆ. ಎಂಥ ಜಾಣನನ್ನು ಕಟ್ಟಿಕೊಂಡೆ ಎಂದು ಹೆಮ್ಮೆ ಬೇರೆ.

ಆಮೇಲೆ ಕೆನಾಲು ಬಂತು. ಬರುತ್ತದೆ ಬರುತ್ತದೆ ಎಂದು ಹೇಳುತ್ತಲೇ ಇದ್ದರು, ಊರಲ್ಲಿ ಯಾರೂ ನಂಬಿರಲಿಲ್ಲ. ಒಂದು ದಿನ ಸರ್ವೆಯವರು ಬಂದು ಕಲ್ಲು ನೆಟ್ಟರು, ಇನ್ನೊಂದು ದಿನ ಯಂತ್ರಗಳು ಬಂದು ನೆಲ ಬಗೆದವು. ಕೃಷ್ಣೆಯ ನೀರು ನಮ್ಮ ಹೊಲದ ಬದುವಿಗೆ ಅಂಟಿಕೊಂಡೇ ಹರಿಯಿತು. ಬದುವಿಗೆ ಅಂಟಿಕೊಂಡು, ಆದರೆ ಕೆಳಗೆ. ನಮ್ಮ ಹೊಲ ಕೆನಾಲಿನ ಮೇಲೆ ಉಳಿಯಿತು, ಅವರ ತಗ್ಗಿನ ಹೊಲ ಕೆನಾಲಿನ ಕೆಳಗೆ ಬಿತ್ತು. ನೀರು ಮೇಲಕ್ಕೆ ಹತ್ತುವುದಿಲ್ಲವಲ್ಲ. ನಾವು ಜೋಳದ ಕಳೆ ತೆಗೆಯುತ್ತ ಆ ನೀರಿನ ಸದ್ದು ಕೇಳಬೇಕಾಯಿತು. ಅವತ್ತಿನಿಂದ ನಮ್ಮ ಸೀಮೆಯಲ್ಲಿ ಜನ ಎರಡೇ ಜಾತಿಯವರಾದರು: ಕೆನಾಲಿನ ಮೇಲಿನವರು, ಕೆನಾಲಿನ ಕೆಳಗಿನವರು. ಹೆಣ್ಣು ಕೇಳಲು ಬಂದವರು ನೀರು ಕುಡಿಯುವ ಮೊದಲೇ, 'ಹೊಲ ಕೆನಾಲಿನ ಮ್ಯಾಲ ಅದನೋ ಕೆಳಗ ಅದನೋ?' ಎಂದು ಕೇಳುತ್ತಿದ್ದರು.

ಅಕ್ಕನ ಮನೆಯಲ್ಲಿ ಭತ್ತ ಬಂತು. ಭತ್ತದ ಹಿಂದೆಯೇ ಸಿಮೆಂಟಿನ ಮನೆ ಬಂತು, ನಮ್ಮ ಹಳೇ ಮನೆಯ ಎದುರಿಗೇ, ನಡುವೆ ಒಂದು ಓಣಿಯಷ್ಟೆ. ಹಿಂದೆಲ್ಲ ನಾವು ಅನ್ನ ಕಾಣುತ್ತಿದ್ದದ್ದು ಹಬ್ಬಕ್ಕೆ ಇಲ್ಲವೆ ಬೀಗರು ಬಂದಾಗ. ಈಗ ಅವಳ ಮನೆಯಲ್ಲಿ ಮೂರು ಹೊತ್ತೂ ಬಿಳಿ ಅನ್ನ. ಅಕ್ಕಿ ಹಸನು ಮಾಡುವುದಕ್ಕೆ ಒಳಗೆ ಜಾಗ ಇರಲಿಲ್ಲವೇನೋ, ಮೊರ ಹಿಡಿದು ಕಟ್ಟೆಗೇ ಬಂದು ಕೂರುತ್ತಿದ್ದಳು. ನಾನು ಒಳಗೆ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. 'ಇನ್ನೂ ರೊಟ್ಟಿನೇ ಬಡಿತೀ ಏನವಾ ತಂಗಿ, ಕೈ ನೋಯೂದಿಲ್ಲೇನು?' ಎಂದು ಕಕ್ಕುಲಾತಿಯಿಂದ ಕೇಳುತ್ತಿದ್ದಳು. ಅವಳ ಕಕ್ಕುಲಾತಿಗಿಷ್ಟು ಬೆಂಕಿ ಹಾಕ!

ಹೊಲ, ಮನೆ, ಅನ್ನ ಇವನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಅವಳ ಮಗಳು.

ನನಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಮಾಡಬೇಕಾದ್ದೆಲ್ಲ ಮಾಡಿ, ತಿರುಗಬೇಕಾದ ಕಡೆಯೆಲ್ಲ ತಿರುಗಿ ಸುಮ್ಮನಾಗಿದ್ದೆ. ಅವಳಿಗೆ ತಡವಾಗಿಯಾದರೂ ಒಂದು ಹೆಣ್ಣು ಹುಟ್ಟಿತು. ಕೂಸು ಅಂಬೆಗಾಲಿಡುತ್ತಲೇ ಓಣಿ ದಾಟಿ ನನ್ನ ಹೊಸ್ತಿಲಿಗೆ ಬಂತು, ನನ್ನನ್ನು 'ಸಣ್ಣವ್ವ' ಎಂದು ಕರೆಯಿತು. ಅದು ನನ್ನ ತೊಡೆಯ ಮೇಲೆ ಕೂತಿದ್ದಾಗ ಎದುರು ಬಾಗಿಲಿನಿಂದ ಒಂದು ಕೂಗು ಬರುತ್ತಿತ್ತು, ಕೂಸು ಎದ್ದು ಓಡುತ್ತಿತ್ತು. ತೊಡೆ ತಣ್ಣಗಾಗುತ್ತಿತ್ತು. ಆಗ ನನಗೆ ಆಗುತ್ತಿದ್ದ ಉರಿ ಯಾವ ಕೆನಾಲಿನ ನೀರಿಗೂ ಆರುವಂಥದ್ದಲ್ಲ. ಆ ಹುಡುಗಿ ಓಣಿಯಲ್ಲಿ ಎಲ್ಲಿ ಆಡಿದರೂ ನನ್ನ ಕಣ್ಣು ಅದರ ಹಿಂದೆಯೇ ಇರುತ್ತಿತ್ತು.

ಹುಡುಗಿಗೆ ಐದು ತುಂಬುವ ಮೊದಲು, ದೀಪಾವಳಿಯ ಮುಂದೆ, ದಡಾರ ಎದ್ದಿತು. ನಮ್ಮಲ್ಲಿ ಹಾಗೆ ಅನ್ನುವುದಿಲ್ಲ, 'ಅಮ್ಮ ಬಂದಾಳ' ಅನ್ನುತ್ತೇವೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಎಣ್ಣೆ ಕಾಯಿಸಬಾರದು. ಬಾಗಿಲಿಗೆ ಬೇವು ಕಟ್ಟಿ, ತಣ್ಣನೆಯದನ್ನೇ ಉಣ್ಣಬೇಕು. ಅಮ್ಮ ಹೋದಳು, ಆದರೆ ಅಕ್ಕನ ಹೆದರಿಕೆ ಹೋಗಲಿಲ್ಲ. ದೀಪಾವಳಿ ಕಳೆದು ಎಷ್ಟೋ ದಿನವಾದರೂ ಹುಡುಗಿಗೆ ಬಿಳಿ ಅನ್ನ, ಮೇಲೊಂದಿಷ್ಟು ಸಕ್ಕರೆ, ಇಲ್ಲವೆ ನೀರುಮಜ್ಜಿಗೆ. ಮನೆಯಲ್ಲಿ ಎಮ್ಮೆ ಇತ್ತು. ಹಾಲು ಬೆಳಿಗ್ಗೆಯೇ ಡೇರಿಯ ಕ್ಯಾನಿಗೆ ಹೋಗುತ್ತಿತ್ತು, ಉಳಿದದ್ದರ ಬೆಣ್ಣೆ ತೆಗೆದು ಮಾರುತ್ತಿದ್ದರು, ಮನೆಯವರಿಗೆ ಮಜ್ಜಿಗೆ. ಸೊಪ್ಪು ಹುಡುಗಿಗೆ ಮೊದಲೇ ಸೇರುತ್ತಿರಲಿಲ್ಲ, ಸೇರಿದರೂ ಅವರ ಹೊಲದಲ್ಲಿ ಅದೆಲ್ಲಿತ್ತು? ಬದುವನ್ನೂ ಕೆತ್ತಿ ಭತ್ತ ಹಚ್ಚಿದ್ದರು, ಕಳೆಗೆ ಔಷಧ ಹೊಡೆಸುತ್ತಿದ್ದರು.

ಚಳಿಗಾಲದ ಒಂದು ಸಂಜೆ ಹುಡುಗಿ ನನ್ನ ಮನೆಯಿಂದ ಹೊರಟಿತು. ಬಿಸಿಲು ಹೋಗಿತ್ತು, ಕತ್ತಲೇನೂ ಆಗಿರಲಿಲ್ಲ. ಯಾವಾಗಲೂ ಚಿಗರಿಯ ಹಾಗೆ ಜಿಗಿಯುವ ಹುಡುಗಿ ಅವತ್ತು ಗೋಡೆಗೆ ಒಂದು ಕೈ ಹಚ್ಚಿಕೊಂಡು ಕಾಲಿನಿಂದ ನೆಲ ತಡವುತ್ತ ಹೋಯಿತು. ಓಣಿಯ ನಡುವೆ ಮಲಗಿದ್ದ ಕರುವಿಗೆ ಎಡವಿ ಬಿತ್ತು. ಆಟವಾಡುತ್ತಿದ್ದಾಳೆ ಅಂದುಕೊಂಡೆ. ಮರುದಿನ ಸಂಜೆ ಬೇಕಂತಲೇ ಪಡಸಾಲೆಯಲ್ಲಿ ದೀಪ ಹಚ್ಚದೆ ಕೂತು, ಅಂಗೈಯಲ್ಲಿ ಬೆಲ್ಲದ ಹೆಂಟೆ ಇಟ್ಟುಕೊಂಡು, 'ತಗೋ ಬಂಗಾರ' ಎಂದೆ. ಹುಡುಗಿ ನನ್ನ ಮಾತಿನ ಕಡೆ ಮುಖ ಮಾಡಿ ನಕ್ಕಿತು. ಕೈ ಮಾತ್ರ ಬೆಲ್ಲವನ್ನು ಬಿಟ್ಟು ಬೇರೆಲ್ಲೋ ಗಾಳಿಯಲ್ಲಿ ಹುಡುಕುತ್ತಿತ್ತು.

ಓಡಿ ಹೋಗಿ ಅಕ್ಕನಿಗೆ ಹೇಳಿದೆ. 'ಅಕ್ಕಾ, ಹುಡುಗಿಗಿ ಸಂಜೀಗಿ ಕಣ್ಣ ಕಾಣಸವಲ್ಲವು.'

ಅವಳು ನಕ್ಕುಬಿಟ್ಟಳು. ಆಮೇಲೆ ತಾನೇ ಒಮ್ಮೆ ಮಗಳ ಮುಂದೆ ಕೈ ಆಡಿಸಿ ನೋಡಿದಳು, ನಗು ನಿಂತಿತು. ಒಳಗಿಂದ ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ಕಡ್ಡಿ ತಂದು ಮಗಳಿಗೆ ನಿವಾಳಿಸಿ ಒಲೆಗೆ ಹಾಕಿದಳು. ಸುಟ್ಟ ಮೆಣಸಿನಕಾಯಿಯ ಘಾಟು ಬಂದು ಎಲ್ಲರೂ ಕೆಮ್ಮಿದರೆ ಏನೂ ಇಲ್ಲ. ಘಾಟು ಬರದಿದ್ದರೆ ನದರ, ಅಂದರೆ ಕೆಟ್ಟ ದೃಷ್ಟಿ, ಹತ್ತಿದೆ ಎಂದು ಅರ್ಥ. ಎಲ್ಲರೂ ಉಸಿರು ಹಿಡಿದು ನಿಂತೆವು. ಅವರದು ಹೊಗೆ ಕೊಳವೆ ಇದ್ದ ಹೊಸ ಒಲೆ, ಘಾಟೆಲ್ಲ ಮಾಳಿಗೆಯ ಮೇಲೆ ಹೋಯಿತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಆ ಹೊತ್ತಿಗೆ ಯಾರಿಗೂ ಕೆಮ್ಮು ಬರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. 'ನೋಡಿದಿ? ಒಬ್ಬರಿಗೂ ಕೆಮ್ಮ ಬರಲಿಲ್ಲ.'

'ನನ್ಯಾಕ ನೋಡ್ತಿ ಅಕ್ಕಾ?'

'ಹೆತ್ತಾಕಿ ನಾನು. ದಿನಾ ಬಗಲಾಗ ಹಾಕ್ಕೊಂಡು ಮಲಗಾಕಿ ನಾನು. ನನಗ ಕಾಣದ್ದು ನಿನಗ ಹ್ಯಾಂಗ ಕಂಡಿತು? ಅಷ್ಟು ಯಾಕ ನೋಡ್ತಿ ನನ್ನ ಮಗಳನ್ನ? ನಿನ್ನ ಕಣ್ಣೇ ಹತ್ತ್ಯಾವ ನನ್ನ ಕೂಸಿಗಿ!'

ನನ್ನ ಬಾಯಿಂದ ಏನೇನು ಬಂತೋ ಇಲ್ಲಿ ಬರೆಯುವಂತಿಲ್ಲ. ಅವಳೂ ಕಡಿಮೆ ಬೀಳಲಿಲ್ಲ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಕೊನೆಗೆ ಅವಳು ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಮುಖದ ಮೇಲೆ ಬಾಗಿಲು ಹಾಕಿದಳು. ಸೆರಗಿನೊಳಗಿಂದ ಹುಡುಗಿ, 'ಸಣ್ಣವ್ವಾ, ಬೆಲ್ಲ' ಎನ್ನುತ್ತಿತ್ತು.

ಮನೆಗೆ ಬಂದು ಗೋಡೆಗೆ ಒರಗಿ ಕೂತೆ. ಸಿಟ್ಟು ಇಳಿದ ಮೇಲೆ ಹೆದರಿಕೆ ಶುರುವಾಯಿತು. ಯಾಕೆಂದರೆ ನಾನು ನೋಡುತ್ತಿದ್ದದ್ದು ಖರೆ. ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದದ್ದೂ ಖರೆ. ನದರ ಅನ್ನುವುದು ಇದ್ದರೆ ನನ್ನದಕ್ಕಿಂತ ದೊಡ್ಡ ನದರ ಆ ಊರಲ್ಲಿ ಇನ್ಯಾರದಿತ್ತು? ಆದರೆ ನದರ ಸಂಜೆಗಷ್ಟೇ ಯಾಕೆ ಹತ್ತಬೇಕು, ಹಗಲು ಹುಡುಗಿಗೆ ಎಲ್ಲ ಕಾಣುತ್ತದಲ್ಲ ಎಂದು ಯೋಚಿಸುತ್ತ ಕೂತಾಗ ಸುರಪುರದ ಹೈಸ್ಕೂಲು ನೆನಪಾಯಿತು. ಅದು ನನ್ನ ತವರು. ವಿಜ್ಞಾನದ ಮೇಷ್ಟ್ರು ಜೀವಸತ್ವಗಳ ಪಾಠವನ್ನು ಮಗ್ಗಿಯ ಹಾಗೆ ಕೂಗಿಸುತ್ತಿದ್ದರು. 'ಎ ಜೀವಸತ್ವ! ಕೊರತೆಯಾದರೆ? ಇರುಳುಗಣ್ಣು! ಸಿಗುವುದು ಎಲ್ಲಿ? ಗಜ್ಜರಿ, ಪಪ್ಪಾಯಿ, ಹಸಿರು ಸೊಪ್ಪು, ಹಾಲು, ಬೆಣ್ಣೆ, ಮೀನೆಣ್ಣೆ!' ನಾನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ. ಆ ಇರುಳುಗಣ್ಣು ನಮ್ಮ ಓಣಿಯಲ್ಲಿ ಕರುವಿಗೆ ಎಡವಿ ಬೀಳುವ ಹುಡುಗಿಗೆ ಬರಬಹುದು ಎಂದು ಮಾತ್ರ ಅಂದುಕೊಂಡಿರಲಿಲ್ಲ. ಅದು ಪರೀಕ್ಷೆಗೆ ಬರುವ ರೋಗ ಅಂದುಕೊಂಡಿದ್ದೆ.

ಗಂಡನನ್ನು ಆಗಲೇ ಅಟ್ಟಿದೆ. 'ನಿಮ್ಮ ಅಣ್ಣಗ ಹೇಳ್ರಿ, ಇದು ನದರ ಅಲ್ಲ, ರೋಗ. ಶಹಾಪುರಕ್ಕ ದವಾಖಾನಿಗಿ ಒಯ್ಯಲಿಲ್ಲಂದ್ರ ಹುಡುಗಿ ಕಣ್ಣ ಹೋಗ್ತಾವ.' ನಮ್ಮ ಭಾವ ಮೆತ್ತಗಿನ ಮನುಷ್ಯ, ಹೆಂಡತಿಯ ಎದುರು ಬಾಯಿ ಬಿಟ್ಟವರಲ್ಲ. ಆದರೆ ಕಣ್ಣು ಹೋಗುತ್ತವೆ ಅಂದದ್ದು ಅವರಿಗೆ ನಾಟಿತು. ಬೆಳಗಿನ ಬಸ್ಸಿಗೆ ಅಕ್ಕ ಮಗಳನ್ನು ಕರೆದುಕೊಂಡು ಹೊರಟಳು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ.

ಶಹಾಪುರದ ಡಾಕ್ಟರು ಹೆಂಗಸು, ಮಾತಿನಲ್ಲಿ ಚುರುಕು. ಹುಡುಗಿಯ ಕಣ್ಣ ರೆಪ್ಪೆ ಅಗಲಿಸಿ ನೋಡಿ ಅಕ್ಕನನ್ನೂ ಕರೆದು ತೋರಿಸಿದರು. ಕಣ್ಣಿನ ಬಿಳಿಯಲ್ಲಿ, ಅಂಚಿಗೆ, ಸಾಬೂನಿನ ನೊರೆ ಒಣಗಿದಂಥ ಸಣ್ಣ ಕಲೆ ಇತ್ತು.

'ಏನು ಉಣ್ತಾಳ ಹುಡುಗಿ?'

'ಅನ್ನರೀ. ಮೂರು ಹೊತ್ತೂ ಬಿಳೀ ಅನ್ನ ಕೊಡ್ತೀವ್ರಿ' ಎಂದಳು ಅಕ್ಕ, ಸ್ವಲ್ಪ ಹೆಮ್ಮೆಯಿಂದಲೇ.

'ಅನ್ನದ ಜೋಡಿ?'

ನಾನು ಹಿಂದಿನಿಂದ, 'ಸಕ್ಕರಿ ರೀ' ಎಂದೆ. ಅವಳು ತಿರುಗಿ ನನ್ನನ್ನು ನುಂಗುವಂತೆ ನೋಡಿದಳು.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಮಬ್ಬು ಬೆಳಕಿನಲ್ಲಿ ನೋಡುವುದಕ್ಕೆ ಕಣ್ಣಿಗೆ ಎ ಜೀವಸತ್ವ ಬೇಕು. ಚರ್ಮಕ್ಕೆ ಬೇಕು, ಬೆಳೆಯುವುದಕ್ಕೆ ಬೇಕು, ಕೆಮ್ಮು ಜ್ವರ ಭೇದಿ ಬಂದಾಗ ಮೈ ತಡೆದುಕೊಳ್ಳುವುದಕ್ಕೂ ಬೇಕು. ಮೈಯಲ್ಲಿ ಇದ್ದಷ್ಟನ್ನೂ ದಡಾರ ಖಾಲಿ ಮಾಡಿತ್ತು, ಆಮೇಲೆ ಊಟದಲ್ಲಿ ಒಂದು ಚೂರೂ ಬರಲಿಲ್ಲ. 'ಹಿಂಗೇ ಬಿಟ್ಟಿದ್ರ ಕಣ್ಣು ಒಣಗಿ ಹುಣ್ಣಾಗಿ ಹಗಲೂ ಕಾಣದಂಗ ಆಗ್ತಿತ್ತು. ಜಲ್ದಿ ಬಂದೀರಿ, ಛಲೋ ಆತು. ಯಾರು ಮೊದಲ ನೋಡಿದವರು?'

ಅಕ್ಕ ನೆಲ ನೋಡಿದಳು. ನಾನೇ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು.

'ಬಿಳೀ ಅಕ್ಕ್ಯಾಗ ಅದು ಇರೂದಿಲ್ಲೇನ್ರಿ?' ಎಂದು ಅಕ್ಕ ಮೆಲ್ಲಗೆ ಕೇಳಿದಳು.

'ಬಿಳೀ ಅಕ್ಕ್ಯಾಗ ಇಲ್ಲ.'

ಆಹಾ! ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಇಷ್ಟು ವರ್ಷ ಕಟ್ಟೆಯ ಮೇಲೆ ಕೂತು ಮೊರ ಆಡಿಸಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರ ಸಿಕ್ಕಿತ್ತು. 'ನಾವು ಜೋಳದ ರೊಟ್ಟಿ ಉಣ್ಣಾವ್ರು ನೋಡ್ರಿ' ಎಂದು ಬಾಯಿ ಹಾಕಿದೆ. ಡಾಕ್ಟರು ನನ್ನನ್ನೂ ಬಿಡಲಿಲ್ಲ. 'ಜೋಳದಾಗೂ ಹೇಳಿಕೊಳ್ಳುವಷ್ಟು ಇಲ್ಲವ್ವಾ. ರೊಟ್ಟಿ ಜೋಡಿ ಸೊಪ್ಪು ತಿಂತೀರಲ್ಲ, ಅದರಾಗ ಅದ' ಎಂದರು. ನನ್ನ ಹಿಗ್ಗು ಅರ್ಧ ಇಳಿಯಿತು.

ಆವತ್ತೇ ಎಣ್ಣೆಯಂಥ ಔಷಧವನ್ನು ಹುಡುಗಿಯ ಬಾಯಿಗೆ ಬಿಟ್ಟರು. ಮರುದಿನ ಮತ್ತೆ ಬನ್ನಿ, ಆಮೇಲೆ ಹೇಳಿದ ದಿನ ಇನ್ನೊಮ್ಮೆ ಬನ್ನಿ ಎಂದರು. 'ಇದು ಒಳ್ಳೇದು ಅಂತ ನಿಮ್ಮ ಮನಸ್ಸಿಗಿ ಬಂದಂಗ ತಂದು ಕುಡಿಸಬ್ಯಾಡ್ರಿ. ಹೆಚ್ಚಾದ್ರ ತ್ರಾಸ ಆಗ್ತದ. ಬಸರಿ ಹೆಂಗಸರಂತೂ ಡಾಕ್ಟರ ಕೇಳದ ಮುಟ್ಟಬಾರದು. ಸೊಪ್ಪಿಗಿ ಆ ಅಂಜಿಕಿ ಇಲ್ಲ, ದಿನಾ ತಿನಸ್ರಿ.' ತತ್ತಿ, ಕುರಿ ಕೋಳಿಯ ಈಲಿ ತಿನ್ನುವವರಿಗೆ ಅದರಲ್ಲಿ ಬೇಕಾದಷ್ಟಿದೆ ಎಂದರು, ನಾವಿಬ್ಬರೂ ಲಿಂಗ ಕಟ್ಟಿದವರು ಒಟ್ಟಿಗೇ 'ಶಿವ ಶಿವಾ' ಎಂದೆವು. ಅವತ್ತು ನಾವು ಒಟ್ಟಿಗೆ ಆಡಿದ ಮಾತು ಅದೊಂದೇ. ಡಾಕ್ಟರು ನಕ್ಕು, ಹಾಗಾದರೆ ನುಗ್ಗೆಸೊಪ್ಪು, ರಾಜಗಿರಿ, ಮೆಂತ್ಯ, ಪಾಲಕ, ಗಜ್ಜರಿ, ಒಳಗೆ ಕೆಂಪಗಿರುವ ಕುಂಬಳ, ಪಪ್ಪಾಯಿ, ಮಾವಿನ ಹಣ್ಣು, ಮಾರದೆ ಉಳಿಸಿದ ಹಾಲು, ತುಪ್ಪ ಎಂದು ಬೆರಳು ಮಡಿಸಿದರು. 'ಸೊಪ್ಪಿಗಿ ಎಣ್ಣಿ ಹಾಕಲೇಬೇಕು. ಎಣ್ಣಿ ಇಲ್ಲಂದ್ರ ಅದು ಮೈಗಿ ಹತ್ತೂದಿಲ್ಲ.' ಅಮ್ಮನಿಗೆ ಹೆದರಿ ಒಗ್ಗರಣೆಯನ್ನೇ ಬಿಟ್ಟಿದ್ದ ಅಕ್ಕ ಇದನ್ನು ಕೇಳಿ ಬಾಯಿಗೆ ಸೆರಗು ಹಚ್ಚಿದಳು.

ಬಸ್ಸಿನಲ್ಲಿ ಬರುವಾಗ ಅವಳು ನನ್ನ ಪಕ್ಕದಲ್ಲೇ ಕೂತಳು. ತಪ್ಪಾಯಿತು ಎನ್ನುವಳೇನೋ ಎಂದು ಕಾದೆ. ಊರು ಹತ್ತಿರ ಬಂದಾಗ, 'ನಿನ್ನ ಹಿತ್ತಲದಾಗ ನುಗ್ಗಿ ಗಿಡ ಅದಲ್ಲ' ಎಂದಳು. ಅಷ್ಟೇ. ನಾನೂ ಬಿಗುವಾಗಿ, 'ಅದ. ಮಧ್ಯಾಹ್ನ ಹುಡುಗಿನ್ನ ನನ್ನ ಮನಿಗಿ ಕಳಸು' ಎಂದೆ.

ಆ ದಿನದಿಂದ ನನ್ನ ಬಾಳಿನಲ್ಲಿ ಎಂದೂ ಇಲ್ಲದ ಒಂದು ಸುಗ್ಗಿ ಶುರುವಾಯಿತು. ಕೆನಾಲಿನ ಮೇಲಿನ ನಮ್ಮ ಒಣ ಹೊಲದಲ್ಲಿ ಜೋಳದ ಸಾಲುಗಳ ನಡುವೆ ಹಕ್ಕರಕಿ ಸೊಪ್ಪು ತಾನೇ ಹುಟ್ಟುತ್ತದೆ, ಬದುವಿಗೆ ಪುಂಡಿ ಸೊಪ್ಪು ಇರುತ್ತದೆ, ಹಿತ್ತಲಲ್ಲಿ ನುಗ್ಗೆ. ನೀರು ಹರಿದ ಹೊಲದಲ್ಲಿ ಇದ್ಯಾವುದೂ ಇಲ್ಲ. ಮಧ್ಯಾಹ್ನ ಹುಡುಗಿ ಬಂದು ಮಣೆಯ ಮೇಲೆ ಕೂರುತ್ತಿತ್ತು. ಮೊದಲ ದಿನ ನುಗ್ಗೆಪಲ್ಯ ಕಂಡು ಬಾಯಿಗೆ ಎರಡೂ ಕೈ ಅಡ್ಡ ಇಟ್ಟಿತು. 'ಎಲಿ ತಿನ್ನಾಕ ನಾ ಆಡಿನ ಮರಿ ಏನು?' ಎಂದು ಕೇಳಿತು. ನಾನೂ ಹಠದಲ್ಲಿ ಕಡಿಮೆಯವಳಲ್ಲ. ಎಳೆ ಎಲೆಗಳನ್ನು ಸಣ್ಣಗೆ ಹೆಚ್ಚಿ, ಜೋಳದ ಹಿಟ್ಟಿಗೆ ಕಡಲೆಹಿಟ್ಟು, ಎಳ್ಳು, ಅಜವಾನ ಸೇರಿಸಿ ಕಲಸಿ, ಕುಸುಬೆ ಎಣ್ಣೆ ಬಿಟ್ಟು ದಪಾಟಿ ತಟ್ಟಿದೆ. ಮೇಲೆ ಒಂದಿಷ್ಟು ತುಪ್ಪ. ಎಲೆ ಎಲ್ಲಿದೆ ಎಂದು ಹುಡುಗಿಗೆ ಗೊತ್ತಾಗಲಿಲ್ಲ, ಇನ್ನೊಂದು ಬೇಕು ಎಂದಿತು. ಆಮೇಲೆ ಹಕ್ಕರಕಿಯನ್ನು ಹಸಿಯಾಗಿಯೇ ಶೇಂಗಾ ಚಟ್ನಿಪುಡಿ, ಎಣ್ಣೆ ಹಚ್ಚಿ ತಿನ್ನುವುದನ್ನು ಕಲಿಸಿದೆ. ಕುಂಬಳಕಾಯಿಗೆ ಬೆಲ್ಲ ಹಾಕಿ ಬೇಯಿಸಿದೆ. ನನ್ನ ಗಂಡನನ್ನು ಗೋಗಿಯ ಸಂತೆಗೆ ಕಳಿಸಿ ಪಪ್ಪಾಯಿ ತರಿಸಿದೆ. ಆತ, 'ನನಗ ಒಮ್ಮೆನೂ ಹಿಂಗ ಮಾಡಿಲ್ಲಲ್ಲ ನೀ' ಎಂದು ನಕ್ಕ. 'ನಿಮಗೇನು ಇರುಳುಗಣ್ಣೇ?' ಎಂದೆ.

ದಿನ ಕಳೆದ ಹಾಗೆ ಹುಡುಗಿ ಮುಸ್ಸಂಜೆಯಲ್ಲೂ ಗೋಡೆ ಬಿಟ್ಟು ನಡೆಯತೊಡಗಿತು. ಒಣಗಿ ಸಿಪ್ಪೆ ಏಳುತ್ತಿದ್ದ ಮೊಣಕೈ ನಯವಾಯಿತು, ಬಿಡದೆ ಕಾಡುತ್ತಿದ್ದ ಕೆಮ್ಮು ನಿಂತಿತು. ಡಾಕ್ಟರು ನೋಡಿ ಇನ್ನು ಭಯವಿಲ್ಲ, ಊಟ ಮಾತ್ರ ಹೀಗೇ ನಡೆಯಲಿ, ಬಿಟ್ಟರೆ ಮತ್ತೆ ಮೊದಲಿನ ಪಾಡು ಎಂದರು. ಮಧ್ಯಾಹ್ನದ ಊಟಕ್ಕೆ ಬಂದ ಹುಡುಗಿ ಎಷ್ಟೋ ಸಲ ಅಲ್ಲೇ ನನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಿತ್ತು. ಎದುರು ಮನೆಯಿಂದ ಕೂಗು ಬಂದರೆ ನಾನು, 'ಮಲಗ್ಯಾಳ!' ಎಂದು ಗತ್ತಿನಿಂದ ಉತ್ತರ ಕೊಡುತ್ತಿದ್ದೆ.

ಬೇಸಿಗೆಯಲ್ಲಿ ಒಂದು ದಿನ ಅಕ್ಕ ನನ್ನ ಹಿತ್ತಲಿಗೆ ಬಂದಳು. ನುಗ್ಗೆಮರದ ಕೆಳಗೆ ನಿಂತು ಮೇಲೆ ನೋಡಿದಳು.

'ತಂಗಿ, ಒಂದು ಟೊಂಗಿ ಕಡದು ಕೊಡು. ನಮ್ಮ ಹಿತ್ತಲದಾಗ ನೆಡ್ತೀನಿ.'

ನನಗೆ ಸಿಡಿಲು ಬಡಿದ ಹಾಗಾಯಿತು. ನುಗ್ಗೆ ಟೊಂಗೆ ಊರಿದರೆ ಸಾಕು, ಚಿಗುರುತ್ತದೆ. ಅವಳ ಹಿತ್ತಲಲ್ಲಿ ಅದು ಚಿಗುರಿದರೆ ಹುಡುಗಿ ನನ್ನ ಮನೆಗೆ ಯಾತಕ್ಕೆ ಬಂದೀತು? 'ಈಗ ಬ್ಯಾಸಗಿ ಅಕ್ಕಾ, ಈಗ ನೆಟ್ಟರ ಹತ್ತೂದಿಲ್ಲ' ಎಂದೆ.

'ನೀರಿನ ಫಿಕರ ನಮಗೆಲ್ಲೀದು? ಬೋರಿನ ನೀರು ಬಿಡ್ತೀವಿ.'

ನೋಡಿ, ಅಲ್ಲೂ ನೀರು! 'ಗಿಡ ಹೂ ಬಿಟ್ಟದ, ಈಗ ಕೊಡಲಿ ಹಚ್ಚಬಾರದು' ಎಂದು ಇನ್ನೊಂದು ನೆವ ತೆಗೆದೆ. ಆಗ ಆ ಹೆಂಗಸಿನ ಬಾಯಿಂದ ನಾನು ಎಂದೂ ಕೇಳದ ಮಾತು ಬಂತು.

'ನನ್ನ ಕೈಯಾಗಿನದು ಉಣವಲ್ಲಳು ನನ್ನ ಮಗಳು. ಸಣ್ಣವ್ವ ಮಾಡಿದಂಗ ಆಗಿಲ್ಲ ಅಂತಾಳ. ರಾತ್ರಿ ಕನಸಿನ್ಯಾಗೂ ನಿನ್ನ ಹೆಸರೇ. ನನಗ ಹೊಟ್ಟಿ ಉರಿತದ ತಂಗಿ. ಖರೇನ ಹೇಳ್ತೀನಿ, ಭಾಳ ಉರಿತದ.'

ನನಗೆ ಒಳಗೊಳಗೇ ಎಷ್ಟು ಹಿತವಾಯಿತೆಂದರೆ, ಸಕ್ಕರೆ ಹಂಚಬೇಕೆನಿಸಿತು. ಸಿಮೆಂಟಿನ ಮನೆಯವಳು, ಕೆನಾಲಿನ ಕೆಳಗಿನವಳು, ಕೂಸು ಹೆತ್ತವಳು, ಅವಳು ನನ್ನನ್ನು ಕಂಡು ಉರಿಯುತ್ತಿದ್ದಾಳೆ! ಟೊಂಗೆ ಕೊಡಲಿಲ್ಲ. 'ಮಳಿ ಬರಲಿ, ನೋಡೂಣು' ಎಂದು ಕಳಿಸಿದೆ. ಎಷ್ಟೋ ದಿನ ಆ ಮಾತನ್ನು ನೆನೆದು ನೆನೆದು ಸುಖಪಟ್ಟೆ.

ಮಳೆಗಾಲದ ಬಾಯಿಗೆ ತಮ್ಮನ ಮದುವೆಗೆಂದು ಗಂಡನ ಜೊತೆ ಸುರಪುರಕ್ಕೆ ಹೋಗಿ ಹತ್ತು ಹದಿನೈದು ದಿನ ಉಳಿದೆ. ತಿರುಗಿ ಬಂದಾಗ ಹುಡುಗಿ ಓಡಿ ಬಂದು ಕಾಲಿಗೆ ಸುತ್ತಿಕೊಂಡಿತು. 'ಏನು ಉಂಡಿ ಬಂಗಾರ ಇಷ್ಟು ದಿನ?' ಎಂದೆ. 'ಅನ್ನಾ ಸಕ್ಕರಿ' ಎಂದಿತು. 'ನುಗ್ಗಿ?' 'ನೀ ಇರಲಿಲ್ಲಲ್ಲ.' ಅವಳ ತಾಯಿ ನನ್ನ ಬೀಗ ಹಾಕಿದ ಹಿತ್ತಲಿಗೆ ಕೈ ಹಾಕಿರಲಿಲ್ಲ. ಸಂತೆಯಿಂದ ತಂದ ಮೆಂತ್ಯವನ್ನು ಮಾಡಿ ಬಡಿಸಿದರೆ ಹುಡುಗಿ ತಾಟು ದೂಡಿತ್ತು. ನಾನು ಮೊದಲು ಹಿಗ್ಗಿದೆ. ನಾನಿಲ್ಲದೆ ಇದಕ್ಕೆ ನಡೆಯುವುದಿಲ್ಲ ಎಂದು ಮೈಯೆಲ್ಲ ಹೂವಾಯಿತು. ಮರುಗಳಿಗೆಗೆ ಬೇರೆ ಯೋಚನೆ ಬಂತು. ನಾನೇನು ಸಾಯದೆ ಇರುವವಳೇ? ಊರಿಗೆ ಹೋಗದೆ, ಕಾಯಿಲೆ ಬೀಳದೆ ಇರುವವಳೇ? ಈ ಹುಡುಗಿಯ ಕಣ್ಣು ನನ್ನೊಬ್ಬಳ ಒಲೆಯ ಮೇಲೆ ನಿಂತರೆ ಒಂದು ದಿನ ಮತ್ತೆ ಗೋಡೆ ಹಿಡಿದು ನಡೆಯುತ್ತದೆ.

ಬೆಳಿಗ್ಗೆ ಎದ್ದವಳೇ ಕೊಡಲಿ ತೆಗೆದುಕೊಂಡು ಮರದ ಬಲಿತ ಟೊಂಗೆಯೊಂದನ್ನು ಕಡಿದೆ. ಅದನ್ನು ಹೆಗಲ ಮೇಲೆ ಹೊತ್ತು ಓಣಿ ದಾಟಿ ಅಕ್ಕನ ಹಿತ್ತಲಿಗೆ ನಡೆದೆ. ಬಚ್ಚಲ ನೀರು ಹೋಗುವ ಕಡೆ ಬೇಡ, ಬೇರು ಕೊಳೆಯುತ್ತದೆ ಎಂದು ಜಗಳ ಮಾಡಿ ಎತ್ತರದ ಜಾಗದಲ್ಲಿ ನಾನೇ ತೆಗ್ಗು ತೋಡಿ ಊರಿದೆ. ಅವಳು ಕೊಡದಲ್ಲಿ ನೀರು ತಂದಳು. ಆಮೇಲೆ ಅವಳ ಅಡಿಗೆಮನೆಯಲ್ಲಿ ಕೂತು ದಪಾಟಿ ಹಿಟ್ಟು ಕಲಸುವುದನ್ನು ತೋರಿಸಿಕೊಟ್ಟೆ. 'ಇಷ್ಟು ಎಣ್ಣೀನಾ?' ಎಂದಳು. 'ಇಷ್ಟು ಬೇಕೇ ಬೇಕು. ಕೈ ಬಿಗಿ ಹಿಡಿಬ್ಯಾಡ, ಹುಡುಗಿ ಕಣ್ಣಿಗಿ ಹಾಕಾಕತ್ತೀನಿ ಅಂತ ತಿಳಕೋ' ಎಂದು ಗದರಿದೆ. ಎಲ್ಲ ಹೇಳಿಕೊಡುವಾಗ, ಎಳ್ಳನ್ನು ಹುರಿದು ಹಾಕುವ ಮಾತನ್ನು ಮುಚ್ಚಿಡೋಣ ಎಂದು ಒಂದು ಗಳಿಗೆ ಅನಿಸಿತು. ಅದನ್ನೂ ಹೇಳಿಬಿಟ್ಟೆ. ಮನೆಗೆ ಬಂದು ಒಲೆಯ ಮುಂದೆ ಕೂತಾಗ ನನ್ನ ಸೊತ್ತನ್ನೆಲ್ಲ ಕೈಯಾರೆ ದಾನ ಮಾಡಿ ಬಂದ ಹಾಗೆ ಹೊಟ್ಟೆ ಉರಿಯಿತು.

ನುಗ್ಗೆ ಎಂಥ ನಾಚಿಕೆಗೆಟ್ಟ ಗಿಡ ಎಂದರೆ, ನನ್ನ ಮನಸ್ಸು ಬೇಡ ಬೇಡ ಎಂದಷ್ಟೂ ಅದು ಚಿಗುರಿತು. ಆ ಚಳಿಗಾಲದ ಹೊತ್ತಿಗೆ ಅವಳ ಹಿತ್ತಲಲ್ಲಿ ಗೋಡೆಗಿಂತ ಎತ್ತರವಾಗಿ ತೂಗುತ್ತಿತ್ತು. ಅಕ್ಕ ಸಾಲಾಗಿ ರಾಜಗಿರಿ, ಮೆಂತ್ಯವನ್ನೂ ಹಾಕಿದ್ದಳು, ಹಾಲಿನಲ್ಲಿ ಒಂದು ಪಾಲು ಮನೆಗೇ ಉಳಿಸುತ್ತಿದ್ದಳು. ಹುಡುಗಿ ಸಾಲೆಗೆ ಹೋಗತೊಡಗಿತು. ಮೊದಮೊದಲು ದಿನ ಬಿಟ್ಟು ದಿನ ಮಧ್ಯಾಹ್ನ ಬಂದು ಹೋಗುತ್ತಿತ್ತು, ಆಮೇಲೆ ಅದೂ ಇಲ್ಲ. ಒಮ್ಮೆ ತಡೆಯಲಾರದೆ, 'ಯಾಕ, ಸಣ್ಣವ್ವನ ದಪಾಟಿ ಬ್ಯಾಡಾತೇನು?' ಎಂದು ಕೇಳಿದೆ. ಹುಡುಗಿ ಮುಚ್ಚುಮರೆಯಿಲ್ಲದೆ, 'ಅವ್ವ ಮಾಡಿದ್ದು ಇನ್ನೂ ಛಲೋ ಆಗ್ತದ' ಎಂದು ಓಡಿತು.

ಒಂದು ಸಂಜೆ ಕರೆಂಟು ಹೋಯಿತು. ನಾನು ದೀಪ ಹಚ್ಚಲಿಲ್ಲ. ಗಂಡ ಹೊಲದಿಂದ ಬಂದಿರಲಿಲ್ಲ. ಹೊಸ್ತಿಲ ಒಳಗೆ, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. ಎದುರು ಮನೆಯಿಂದ ಬೆಳ್ಳುಳ್ಳಿಯ ಒಗ್ಗರಣೆಯ ವಾಸನೆ ಬಂತು, ಹಿಂದೆಯೇ ನುಗ್ಗೆಸೊಪ್ಪಿನದು. ತಾಯಿ ಮಗಳು ಏನೋ ಮಾತಾಡಿ ನಗುತ್ತಿದ್ದರು. ಅದು ನನ್ನ ಮರದ ಟೊಂಗೆ, ನನ್ನ ಕೈಯ ಅಳತೆ, ನಾನು ಕಲಿಸಿದ ಒಗ್ಗರಣೆ. ನಗು ಮಾತ್ರ ಅವರದು. ಹೊಟ್ಟೆಯ ಉರಿ ಗಂಟಲಿಗೆ ಬಂದು, ಕಣ್ಣಿಗೆ ಬಂದು, ಕೆನ್ನೆಯ ಮೇಲೆ ಹರಿಯಿತು. ಒರೆಸಿಕೊಳ್ಳಲಿಲ್ಲ, ಕತ್ತಲಲ್ಲಿ ಯಾರು ನೋಡುತ್ತಾರೆ ಎಂದು ಹಾಗೇ ಬಿಟ್ಟೆ.

ಓಣಿಯಲ್ಲಿ ದಡದಡ ಓಡಿ ಬಂದ ಸಪ್ಪಳವಾಯಿತು. ಎಲ್ಲಿಯೂ ತಡವರಿಸಲಿಲ್ಲ, ಎಲ್ಲಿಯೂ ನಿಲ್ಲಲಿಲ್ಲ. ನನ್ನ ಬಾಗಿಲಲ್ಲಿ ಒಂದು ಸಣ್ಣ ಆಕಾರ ನಿಂತಿತು, ಕೈಯಲ್ಲಿ ಏನೋ ಬಟ್ಟಲು. ನನಗೆ ಅದರ ಮುಖ ಕಾಣಿಸಲಿಲ್ಲ, ಅಷ್ಟು ಕತ್ತಲು.

'ಅವ್ವ ಪಲ್ಯ ಕೊಟ್ಟಾಳ' ಎಂದಿತು. ಆಮೇಲೆ ಒಂದು ಹೆಜ್ಜೆ ಒಳಗೆ ಬಂದು, ನನ್ನನ್ನೇ ನೋಡಿ, 'ಸಣ್ಣವ್ವಾ, ಯಾಕ ಅಳಾಕತ್ತಿ?' ಎಂದು ಕೇಳಿತು.